ಕಾಗದದಲ್ಲಿ ಬಿದ್ದ ಟ್ಯಾಂಕು

ಹುಣಸೆಗುಡ್ಲಿನ ಅಂಗನವಾಡಿಗೆ ಮಂಜುಳಮ್ಮ ಟೀಚರಾಗಿ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಗುಬ್ಬಿಯಿಂದ ಒಂಬತ್ತು ಕಿಲೋಮೀಟರ್ ಒಳಗಿರುವ ಆ ಊರಿನ ಹುಡುಗ ಹುಡುಗಿಯರಲ್ಲಿ ಇಪ್ಪತ್ತೈದರೊಳಗಿನವರೆಲ್ಲ ಅವರ ಕೈಯಲ್ಲಿ ಉಪ್ಪಿಟ್ಟು ತಿಂದು, ಅ ಆ ತಿದ್ದಿ ಹೋದವರೇ. ಜಗಳಕ್ಕೆ ಹೋದವರಲ್ಲ, ಯಾರ ಬಾಯಿಗೂ ಬಿದ್ದವರಲ್ಲ. ಗಂಡ ಹನುಮಂತರಾಜು ಅಂತರಸನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಮಗಳು ನಂದಿತಾ ದಿನಾ ಬಸ್ಸಿನಲ್ಲಿ ತುಮಕೂರಿಗೆ ಹೋಗಿ ಬಿ.ಕಾಂ. ಓದುತ್ತಿದ್ದಳು.

ಹೋದ ವರ್ಷ ಜೂನ್ ತಿಂಗಳ ಒಂದು ಬೆಳಿಗ್ಗೆ ಮಂಜುಳಮ್ಮ ಅಂಗಳದಲ್ಲಿ ಮಕ್ಕಳನ್ನು ಸಾಲಾಗಿ ಕೂರಿಸಿ ಮೊಟ್ಟೆ ಸುಲಿದು ಕೊಡುತ್ತಿದ್ದರು. ಸಾಲಿನ ಕೊನೆಯಲ್ಲಿದ್ದ ಹುಡುಗಿಯೊಬ್ಬಳು ಕೈ ತೊಳೆಯಬೇಕೆಂದು ಎದ್ದು ನಲ್ಲಿಯ ಕಡೆ ಓಡಿದಳು. ಅವಳು ಕೂತಿದ್ದ ಜಾಗಕ್ಕೆ ರೊಟ್ಟಿಯಗಲದ ಕಾಂಕ್ರೀಟ್ ಚಕ್ಕೆ ಬಂದು ಬಿತ್ತು. ಸದ್ದು ದೊಡ್ಡದೇನಲ್ಲ. ಮಕ್ಕಳು ನಕ್ಕರು. ಮಂಜುಳಮ್ಮ ತಲೆಯೆತ್ತಿ ನೋಡಿದರು.

ಅಂಗನವಾಡಿಯ ಪಕ್ಕಕ್ಕೇ ಊರಿನ ನೀರಿನ ಟ್ಯಾಂಕು. ಆರು ಕಂಬಗಳ ಮೇಲೆ ನಿಂತ ಹಳೆಯ ಟ್ಯಾಂಕದು. ಎರಡು ಕಂಬಗಳಲ್ಲಿ ಸಿಮೆಂಟು ಉದುರಿ ಕಬ್ಬಿಣ ಹೊರಗೆ ಬಂದಿತ್ತು. ಆ ಕಬ್ಬಿಣವೂ ತುಕ್ಕು ಹಿಡಿದು ಪದರು ಪದರಾಗಿ ಏಳುತ್ತಿತ್ತು. ದಿನಾ ನೋಡುತ್ತಿದ್ದದ್ದೇ. ಆ ದಿನ ಮಾತ್ರ ಅದು ಬೇರೆಯಾಗಿ ಕಂಡಿತು.

ಪಂಚಾಯಿತಿಗೆ ಮೂರು ಸಲ ಹೋಗಿ ಹೇಳಿದರು. ಪಿಡಿಒ ಒಂದು ಸಲ ‘ನೋಡೋಣ’ ಎಂದರು, ಇನ್ನೊಂದು ಸಲ ಫೋನಿನಲ್ಲಿದ್ದರು, ಮೂರನೆಯ ಸಲ ಕುರ್ಚಿಯಲ್ಲಿ ಇರಲಿಲ್ಲ. ಆಗ ಮಂಜುಳಮ್ಮನಿಗೆ ವೆಂಕಟೇಶಯ್ಯನವರ ನೆನಪಾಯಿತು. ಸರ್ಕಾರಿ ಕಚೇರಿಯೊಂದರಲ್ಲಿ ಮೂವತ್ತು ವರ್ಷ ರೆಕಾರ್ಡ್ ರೂಮು ನೋಡಿಕೊಂಡು ನಿವೃತ್ತರಾಗಿ, ಈಗ ತುಮಕೂರಿನಲ್ಲಿ ಮನೆಯ ಮುಂದಿನ ಕೋಣೆಯಲ್ಲಿ ಕೂತು, ಕೇಳಿದವರಿಗೆ ಮಾಹಿತಿ ಹಕ್ಕಿನ ಅರ್ಜಿ ಬರೆದುಕೊಡುವ ಹಿರಿಯರು. ನಂದಿತಾಳ ಗೆಳತಿಯ ತಾತ.

“ಟ್ಯಾಂಕ್ ಗಟ್ಟಿಯಾಗಿದೆಯಾ ಅಂತ ಕೇಳ್ಬೇಡಿ,” ಎಂದರು ವೆಂಕಟೇಶಯ್ಯ. “ಅದು ಪ್ರಶ್ನೆ ಆಗುತ್ತೆ, ಪ್ರಶ್ನೆಗೆ ಅವರು ಉತ್ತರ ಕೊಡಬೇಕಾಗಿಲ್ಲ. ಕೊನೇ ಸಲ ಪರೀಕ್ಷೆ ಮಾಡಿದ ವರದಿ, ರಿಪೇರಿ ಕಡತ, ಇವುಗಳ ದೃಢೀಕೃತ ನಕಲು ಕೊಡಿ ಅಂತ ಕೇಳಿ. ಕಾಗದ ಕೇಳಿದ್ರೆ ಕಾಗದ ಕೊಡ್ಲೇಬೇಕು.” ಆಮೇಲೆ, “ವಿಳಾಸ ಹಾಕ್ಬೇಕು ಇದ್ರಲ್ಲಿ. ನಿಮ್ಮ ಮನೇದು. ಯೋಚನೆ ಮಾಡಿದೀರಾ?” ಎಂದು ಕೇಳಿದರು.

“ಊರಲ್ಲಿ ಎಲ್ರಿಗೂ ಗೊತ್ತಿರೋ ಮನೆ ಸಾರ್. ಮುಚ್ಚಿಡೋದೇನಿದೆ?”

ವೆಂಕಟೇಶಯ್ಯ ಪೆನ್ನು ಅವರ ಕಡೆ ತಳ್ಳಿದರು. ಮಂಜುಳಮ್ಮ ಗುಬ್ಬಿಯ ಅಂಚೆ ಕಚೇರಿಯಿಂದ ಅರ್ಜಿಯನ್ನು ರಿಜಿಸ್ಟರ್ ಮಾಡಿ ಕಳಿಸಿದರು.

ಐದನೇ ದಿನಕ್ಕೆಲ್ಲ ಊರಿಗೆ ಗೊತ್ತಾಗಿತ್ತು. ಯಾರೂ ಏನೂ ಅನ್ನಲಿಲ್ಲ, ಅದೇ ವಿಚಿತ್ರ. ಗುಂಡಯ್ಯನ ಅಂಗಡಿಯಲ್ಲಿ ಮಂಜುಳಮ್ಮ ಹೋಗಿ ನಿಂತರೆ ಮಾತು ನಿಲ್ಲುತ್ತಿತ್ತು. ದಿನಾ ಮಗುವನ್ನು ಬಿಡಲು ಬಂದು ಅರ್ಧ ಗಂಟೆ ಹರಟುತ್ತಿದ್ದ ತಾಯಂದಿರು ಬಾಗಿಲಲ್ಲೇ ಬಿಟ್ಟು ಹೊರಟುಹೋಗುತ್ತಿದ್ದರು. ಮೂವತ್ತು ದಿನ ಕಳೆಯಿತು. ಉತ್ತರ ಬರಲಿಲ್ಲ. ವೆಂಕಟೇಶಯ್ಯ ಮೇಲ್ಮನವಿ ಬರೆಸಿದರು.

ಆ ವಾರ ಕುಣಿಗಲ್ಲಿನಿಂದ ತಾಯಿ ಅಲಮೇಲಮ್ಮ ಫೋನ್ ಮಾಡಿದರು. ಮಂಜುಳಮ್ಮನ ತವರು ಕುಣಿಗಲ್ಲು, ದೊಡ್ಡಕೆರೆಯ ಕಡೆ.

“ನಿಮ್ಮೂರೋರು ಯಾರೋ ಬಂದಿದ್ರು ಕಣೇ. ಎಷ್ಟ್ ಒಳ್ಳೆ ಮನುಷ್ಯ! ಬಾಳೆಹಣ್ಣು, ಎಲೆ ಅಡಿಕೆ ಎಲ್ಲಾ ತಂದಿದ್ರು. ಕಾಫಿ ಕುಡ್ಕೊಂಡು ಹೋದ್ರು.”

“ಯಾರಮ್ಮ ಅದು?”

“ಹೆಸರು ಕೇಳ್ದೆ, ನಕ್ಕುಬಿಟ್ರು. ‘ನಿಮ್ಮ ಮಗಳಿಗೆ ಗೊತ್ತಾಗುತ್ತೆ ಬುಡಿ’ ಅಂದ್ರು. ನಂದಿತಾ ಐದೂ ಇಪ್ಪತ್ತರ ಬಸ್ಸಿಗೆ ಬರೋದು, ಸ್ಟಾಪಿಂದ ಮನೆಗಂಟ ಒಬ್ಳೇ ನಡ್ಕೊಂಡು ಬರ್ತಾಳೆ, ಕಾಲ ಸರಿಯಿಲ್ಲ, ಸ್ವಲ್ಪ ನೋಡ್ಕೊಳಕ್ಕೆ ಹೇಳಿ ಅಂದ್ರು. ಪಾಪ, ಎಷ್ಟ್ ಕಾಳಜಿ.”

ಅಲಮೇಲಮ್ಮ ಮುಂದುವರಿಸಿದರು: “ಹಣ್ಣಿನ ಕವರ್ ತಳದಲ್ಲಿ ಒಂದು ಕಾಗದ ಇತ್ತು. ಜೆರಾಕ್ಸು. ಕೆಳಗಡೆ ನಿನ್ ಸೈನ್ ಇದೆ. ಏನದು?”

ಅವತ್ತು ಸಂಜೆ ಮಂಜುಳಮ್ಮ ಬಸ್ ಸ್ಟಾಪಿಗೆ ಹೋಗಿ ಮಗಳನ್ನು ಕರೆದುಕೊಂಡು ಬಂದರು. ಮಾರನೆಯ ದಿನವೂ ಹೋದರು. ಮೂರನೆಯ ದಿನ ನಂದಿತಾ, “ಏನಮ್ಮ ಇದು, ನಾನೇನ್ ಅಂಗನವಾಡಿ ಮಗುನಾ?” ಎಂದು ರೇಗಿದಾಗ ಎಲ್ಲವನ್ನೂ ಹೇಳಬೇಕಾಯಿತು. ಹನುಮಂತರಾಜುವಿನ ಕಿವಿಗೂ ಬಿತ್ತು.

“ವಾಪಸ್ ತಗೋ,” ಎಂದ ಅವನು. ಕೂಗಲಿಲ್ಲ. ಊಟದ ತಟ್ಟೆಯಿಂದ ಕೈ ತೆಗೆದು ಹೇಳಿದ, ಅಷ್ಟೆ.

“ಟ್ಯಾಂಕು ಬಿದ್ರೆ?”

“ಇಷ್ಟ್ ವರ್ಷ ಬಿದ್ದಿಲ್ಲ. ಊರಲ್ಲಿ ಇನ್ನೂರು ಮನೆ ಅವೆ, ಯಾರ್ಗೂ ಇಲ್ದಿರೋ ಭಯ ನಿಂಗ್ಯಾಕೆ?”

“ಅದ್ರ ಕೆಳ್ಗೆ ಕೂರೋದು ನಾನು, ಆ ಹದಿನೆಂಟು ಮಕ್ಕಳು. ಇನ್ನೂರು ಮನೆಯೋರಲ್ಲ.”

ಹನುಮಂತರಾಜು ತಟ್ಟೆ ಬಿಟ್ಟು ಎದ್ದ. ಆಮೇಲೆ ಎಷ್ಟೋ ದಿನ ಮಾತಾಡಲಿಲ್ಲ. ಬೆಳಿಗ್ಗೆ ಗಾಡಿ ತೆಗೆದು ಕೆಲಸಕ್ಕೆ ಹೋಗುವನು, ಬರುವನು, ಉಣ್ಣುವನು.

ಮೇಲ್ಮನವಿಯ ನಂತರ ಉತ್ತರ ಬಂತು. ಒಂದೇ ಹಾಳೆ, ಮೊಹರು, ಸಹಿ. ಮಂಜುಳಮ್ಮ ಅದನ್ನು ಅಂಗನವಾಡಿಯ ಹೊಸ್ತಿಲಲ್ಲಿ ನಿಂತು ಓದಿದರು. ‘ಸದರಿ ಗ್ರಾಮದ ಹಳೆಯ ಮೇಲ್ಮಟ್ಟದ ನೀರಿನ ತೊಟ್ಟಿಯು ಶಿಥಿಲಗೊಂಡಿದ್ದರಿಂದ ಮೂರು ವರ್ಷಗಳ ಹಿಂದೆಯೇ ನೆಲಸಮಗೊಳಿಸಿ, ಪಂಪಿನಿಂದ ನೇರ ನೀರು ಪೂರೈಕೆಯ ವ್ಯವಸ್ಥೆ ಮಾಡಲಾಗಿದೆ. ಆದ್ದರಿಂದ ತಾವು ಕೋರಿರುವ ದಾಖಲೆಗಳು ಲಭ್ಯವಿರುವುದಿಲ್ಲ.’ ಜೊತೆಗೆ ಕೆಲಸ ಮುಗಿದ ಪ್ರಮಾಣಪತ್ರದ ನಕಲು. ಗುತ್ತಿಗೆದಾರರ ಹೆಸರು ಭಾನುಪ್ರಕಾಶ್.

ಓದಿ ಮುಗಿಸಿ ಕಣ್ಣೆತ್ತಿದರೆ ನೆಲಸಮವಾಗಿದ್ದ ಟ್ಯಾಂಕಿನ ನೆರಳು ಅಂಗಳದ ತುಂಬ ಬಿದ್ದಿತ್ತು. ಮೇಲೆ ನೀರು ತುಂಬುವ ಸದ್ದು ಕೇಳಿಸುತ್ತಿತ್ತು.

ವೆಂಕಟೇಶಯ್ಯ ಆ ಹಾಳೆಯನ್ನು ಎರಡು ಸಲ ಓದಿ ಕನ್ನಡಕ ತೆಗೆದಿಟ್ಟರು. “ಈಗ ಅರ್ಥ ಆಯ್ತಾ ಅವರ ಕಷ್ಟ? ಇಲ್ಲದಿರೋ ಟ್ಯಾಂಕನ್ನ ರಿಪೇರಿ ಮಾಡೋಕಾಗಲ್ಲ, ಕೆಡವೋಕೂ ಆಗಲ್ಲ. ಕೆಡವಿದ್ದಕ್ಕೆ ಅಂತ ಬಿಲ್ ಆಗಿದೆ, ಅದು ನಿಂತಿರೋವರೆಗೂ ಅವರ ವಿರುದ್ಧ ಸಾಕ್ಷಿ.” ಆಮೇಲೆ ಎರಡನೇ ಅರ್ಜಿ ಬರೆಸಿದರು. ಕಾಮಗಾರಿಯನ್ನು ಸ್ಥಳದಲ್ಲೇ ನೋಡುವುದಕ್ಕೂ ಕಟ್ಟಡದ ವಸ್ತುವಿನ ಮಾದರಿ ತೆಗೆದುಕೊಳ್ಳುವುದಕ್ಕೂ ಕಾನೂನಿನಲ್ಲೇ ಅವಕಾಶವಿದೆ ಎಂದು ಅವರೇ ಹೇಳಿದ್ದು. ಈ ಸಲ ಉತ್ತರ ಬೇಗ ಬಂತು. ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಸ್ಥಳ ಪರಿಶೀಲನೆ, ಇಂಜಿನಿಯರ್ ಹಾಜರಿರುತ್ತಾರೆ.

ಅದೇ ವಾರದ ಸೋಮವಾರ ಸಂಜೆ ಮಂಜುಳಮ್ಮ ಬೀಗ ಹಾಕುತ್ತಿದ್ದಾಗ ಚಿಕ್ಕಮಾರಯ್ಯ ಬಂದ. ಊರಿಗೆ ನೀರು ಬಿಡುವ ನೀರುಗಂಟಿ ಅವನು. ವಯಸ್ಸು ಅರವತ್ತರ ಹತ್ತಿರ. ವಾಲ್ವ್ ತಿರುಗಿಸುವ ಕಬ್ಬಿಣದ ಕೀಲಿ ಕೈಯಲ್ಲಿತ್ತು. ಅವನು ಮಂಜುಳಮ್ಮನ ಮುಖ ನೋಡದೆ, ಟ್ಯಾಂಕಿನ ಕಂಬವನ್ನು ನೋಡುತ್ತ ಮಾತಾಡಿದ.

“ನಾಳೆ ಮಕ್ಳುನ್ನ ಇಲ್ಲಿಗೆ ಕರ್ಕಬ್ಯಾಡಿ ಟೀಚರಮ್ಮ.”

“ಯಾಕೆ ಚಿಕ್ಕಮಾರಯ್ಯ? ಏನಾಗುತ್ತೆ ನಾಳೆ?”

“ಏನೂ ಕೇಳ್ಬ್ಯಾಡಿ. ಎಲ್ಲೂ ನನ್ ಹೆಸ್ರು ಬರೀಬ್ಯಾಡಿ. ಮನೇಲಿ ಮೊಮ್ಮಕ್ಳವೆ ನಂಗೂ.” ಅಷ್ಟು ಹೇಳಿ ಹಿಂದಿರುಗಿ ನೋಡದೆ ಹೊರಟುಹೋದ.

ಮಂಗಳವಾರ ಮಂಜುಳಮ್ಮ ಮೇಲ್ವಿಚಾರಕಿಯ ಅನುಮತಿಗೆ ಕಾಯಲಿಲ್ಲ. ಚಾಪೆ, ಪಾತ್ರೆ, ಮೊಟ್ಟೆಯ ಟ್ರೇ ಎಲ್ಲವನ್ನೂ ಬೆಳಿಗ್ಗೆಯೇ ತಮ್ಮ ಮನೆಯ ಜಗುಲಿಗೆ ಸಾಗಿಸಿದರು. ಅಂಗನವಾಡಿಯ ಬಾಗಿಲಲ್ಲಿ ನಿಂತು ಬಂದ ಮಕ್ಕಳನ್ನೆಲ್ಲ ಅತ್ತ ಕಳಿಸಿದರು. ಒಂಬತ್ತೂವರೆಗೆ ಹದಿನೆಂಟೂ ಮಕ್ಕಳು ಜಗುಲಿಯಲ್ಲಿದ್ದವು. ಹತ್ತು ಗಂಟೆಗೆ ಜೆಸಿಬಿ ಬಂತು. ಊರ ಗಂಡಸರಲ್ಲಿ ಬಹಳ ಜನ ಎಪಿಎಂಸಿಗೋ ಕೂಲಿಗೋ ಹೋಗಿದ್ದ ಹೊತ್ತು. ಹಗ್ಗ ಕಟ್ಟಲಿಲ್ಲ, ನೀರು ಖಾಲಿ ಮಾಡಲಿಲ್ಲ, ಒಳಗೆ ಯಾರಾದರೂ ಇದ್ದಾರೆಯೇ ಎಂದು ಬಾಗಿಲು ತಟ್ಟಿದವರೂ ಇಲ್ಲ. ಜೆಸಿಬಿ ಎರಡು ಸಲ ಕಂಬಕ್ಕೆ ಗುದ್ದಿತು. ಕೆಡವಲು ಬಂದವರು ಅಂದುಕೊಂಡದ್ದು ಖಾಲಿ ಜಾಗದ ಕಡೆಗೆ. ಟ್ಯಾಂಕು ಬಿದ್ದದ್ದು ಇನ್ನೊಂದು ಕಡೆಗೆ.

ಮಂಜುಳಮ್ಮನ ಜಗುಲಿಯವರೆಗೂ ನೆಲ ನಡುಗಿತು. ಓಡಿ ಹೋಗಿ ನೋಡಿದರೆ ಅಂಗನವಾಡಿಯ ಚಾವಣಿ ಇರಲಿಲ್ಲ. ಗೋಡೆಗೆ ಬರೆದಿದ್ದ ನವಿಲಿನ ಚಿತ್ರದ ಅರ್ಧ ನೀರಿನಲ್ಲಿ ಬಿದ್ದಿತ್ತು. ಜೆಸಿಬಿಯವನು ಇಳಿದು ಬಂದು, “ಒಳ್ಗೆ ಮಕ್ಕಳಿದ್ರಾ ಅಕ್ಕ? ಇದ್ರಾ?” ಎಂದು ಮತ್ತೆ ಮತ್ತೆ ಕೇಳುತ್ತಿದ್ದ. ಮಂಜುಳಮ್ಮ ಮನೆಗೆ ಹಿಂದಿರುಗಿ ಒಂದೊಂದು ಮಗುವಿನ ತಲೆಯನ್ನೂ ಮುಟ್ಟಿ ಎಣಿಸಿದರು. ಹದಿನೆಂಟು. ಮತ್ತೆ ಎಣಿಸಿದರು.

ಸಂಜೆಯೊಳಗೆ ಎರಡು ಟಿಪ್ಪರುಗಳು ಬಂದು ಕಂಬ, ಕಬ್ಬಿಣ, ಕಾಂಕ್ರೀಟನ್ನು ಹೊತ್ತುಕೊಂಡು ಹೋದವು. ಗುರುವಾರ ಇಂಜಿನಿಯರ್ ಬಂದಾಗ ಅಲ್ಲಿ ಕೆಸರು ಬಿಟ್ಟು ಏನೂ ಇರಲಿಲ್ಲ. ಊರಿಗೆ ಪಂಪಿನಿಂದ ನೇರವಾಗಿ ನೀರು ಬಿಡತೊಡಗಿದರು. ವಾಲ್ವ್ ತಿರುಗಿಸಲು ಬಂದವನು ಬೇರೊಬ್ಬ. ಚಿಕ್ಕಮಾರಯ್ಯ ಎಲ್ಲಿ ಎಂದರೆ ಅವನ ಹೆಂಡತಿ, “ಕೋರದ ಕಡೆ ನೆಂಟರ ಮನೇಗ್ ಹೋಗವ್ರೆ,” ಎಂದು ಬಾಗಿಲು ಹಾಕಿಕೊಂಡಳು.

ಹದಿನೈದು ದಿನದ ಮೇಲೆ ವಿಚಾರಣೆಗೆಂದು ಅಧಿಕಾರಿಯೊಬ್ಬರು ಬಂದರು. ಹಿಂದಿನ ರಾತ್ರಿಯೇ ವೆಂಕಟೇಶಯ್ಯ ಫೋನಿನಲ್ಲಿ ಹೇಳಿದ್ದರು: “ಕೆಡವುತ್ತಾರೆ ಅಂತ ನಿಮಗೆ ಮೊದಲೇ ತಿಳಿಸಿದವನೊಬ್ಬ ಇದ್ದಾನಲ್ಲ, ಅವನ ಹೆಸರು ಬರೆದುಕೊಡಿ. ಅದು ಇದ್ದರೆ ಕೇಸು ನಿಲ್ಲುತ್ತೆ.” ಮಂಜುಳಮ್ಮ ಬಹಳ ಹೊತ್ತು ಯೋಚಿಸಿದರು. ಕೊನೆಗೆ ಹೇಳಿಕೆಯಲ್ಲಿ ‘ಅಪಾಯವೆನಿಸಿದ್ದರಿಂದ ಮಕ್ಕಳನ್ನು ಸ್ಥಳಾಂತರಿಸಿದೆ’ ಎಂದಷ್ಟೇ ಬರೆದರು.

ಶಾಲೆಯ ಅಂಗಳದಲ್ಲಿ ಊರು ಸೇರಿತ್ತು. ಒಂದು ಬದಿಗೆ ಭಾನುಪ್ರಕಾಶ್ ಇಸ್ತ್ರಿಯ ಬಿಳಿ ಅಂಗಿಯಲ್ಲಿ, ಕೈ ಕಟ್ಟಿ, ಎಲ್ಲರನ್ನೂ ಒಬ್ಬೊಬ್ಬರಾಗಿ ನೋಡುತ್ತ ನಿಂತಿದ್ದ.

“ಈ ಮೂರು ವರ್ಷದಲ್ಲಿ ಇಲ್ಲಿ ಹಳೇ ಟ್ಯಾಂಕ್ ಇತ್ತಾ?” ಎಂದು ಅಧಿಕಾರಿ ಕೇಳಿದರು.

ಗುಂಡಯ್ಯ ಕಾಲ ಹೆಬ್ಬೆರಳಿನಿಂದ ಮಣ್ಣು ಕೆದಕಿದ. “ಗೊತ್ತಿಲ್ಲ ಸಾರ್.” ಅವನ ಪಕ್ಕದವನಿಗೂ ಗೊತ್ತಿರಲಿಲ್ಲ. ಅದರಾಚೆಯವನು ಆ ಕಡೆ ಹೋಗಿಯೇ ಇರಲಿಲ್ಲವಂತೆ. ಹುಟ್ಟಿದಾಗಿನಿಂದ ಅದರ ನೀರು ಕುಡಿದವರು ಒಬ್ಬರಾದ ಮೇಲೊಬ್ಬರು ಟ್ಯಾಂಕನ್ನು ಮೂರು ವರ್ಷದಿಂದ ನೋಡಿಲ್ಲ, ಅಂಗನವಾಡಿ ಮಳೆಗೆ ಬಿತ್ತು ಎಂದರು. ನಂದಿತಾ ಮೊಬೈಲಿನಲ್ಲಿದ್ದ ಫೋಟೋ ತೋರಿಸಿದಳು. “ಇದು ಯಾವ ಊರಿಂದು, ಯಾವಾಗಿಂದು ಅಂತ ಹೇಗಮ್ಮ ಹೇಳೋದು?” ಎಂದರು ಅಧಿಕಾರಿ.

ಅಷ್ಟರಲ್ಲಿ ಹಿಂದಿನಿಂದ ದನಿ ಬಂತು.

“ಇತ್ತು ಸಾರ್.”

ಶಿಫ್ಟು ಮುಗಿಸಿ ನೇರವಾಗಿ ಬಂದಿದ್ದ ಹನುಮಂತರಾಜು, ಕೈಯಲ್ಲಿ ಹೆಲ್ಮೆಟ್ಟು, ಅಂಗಿಯ ಮೇಲೆ ಗ್ರೀಸು. “ನನ್ ಮದ್ವೆ ವರ್ಷ ಅದುಕ್ಕೆ ಸುಣ್ಣ ಹೊಡ್ದಿದ್ದು ನಾನೇ. ಹದಿನೈದು ದಿನದ ಹಿಂದಿನ ಮಂಗಳವಾರದವರ್ಗೂ ಇತ್ತು. ನನ್ ಹೆಂಡ್ತಿ ಸುಳ್ಳು ಹೇಳಲ್ಲ. ಬರ್ಕಳಿ ಸಾರ್, ನನ್ ಹೆಸ್ರು ಬರ್ಕಳಿ.”

ಭಾನುಪ್ರಕಾಶ್ ಅವನನ್ನೇ ನೋಡಿದ. ಹನುಮಂತರಾಜು ಕಣ್ಣು ತೆಗೆಯಲಿಲ್ಲ. ಆಗ, ಚಕ್ಕೆ ಬಿದ್ದ ದಿನ ಕೈ ತೊಳೆಯಲು ಓಡಿದ್ದ ಹುಡುಗಿಯ ತಾಯಿ ಸೆರಗು ಸರಿಮಾಡಿಕೊಂಡು ಎದ್ದಳು. “ಇತ್ತು ಸಾರ್,” ಎಂದಳು. ಇನ್ನಾರೂ ಏಳಲಿಲ್ಲ.

ಇನ್ನೂರು ಮನೆಯ ಊರಲ್ಲಿ ಇಬ್ಬರು. ‘ಹೇಳಿಕೆಗಳು ಪರಸ್ಪರ ವಿರುದ್ಧವಾಗಿವೆ, ಹೆಚ್ಚಿನ ತನಿಖೆ ಅಗತ್ಯ’ ಎಂದು ವರದಿಯಾಯಿತು. ಪಿಡಿಒ ಬೇರೆ ಕಡೆಗೆ ವರ್ಗವಾದರು. ತನಿಖೆ ಇನ್ನೂ ಮುಗಿದಿಲ್ಲ. ಅನುಮತಿಯಿಲ್ಲದೆ ಕೇಂದ್ರ ಸ್ಥಳಾಂತರಿಸಿದ್ದಕ್ಕೆ ಕಾರಣ ಕೇಳಿ ಮಂಜುಳಮ್ಮನಿಗೆ ನೋಟಿಸು ಬಂತು. ‘ಮಕ್ಕಳು ಬದುಕಿದ್ದಾರೆ’ ಎಂದು ಒಂದೇ ಸಾಲಿನ ಉತ್ತರ ಬರೆದು ಕಳಿಸಿದರು. ಹನುಮಂತರಾಜು ಈಗ ಮೊದಲಿನಂತೆ ಮಾತಾಡುತ್ತಾನೆ. ಸಂಜೆ ಮಗಳನ್ನು ಕಾಲೇಜಿನಿಂದ ತಾನೇ ಗಾಡಿಯಲ್ಲಿ ಕರೆತರುತ್ತಾನೆ. ದಾರಿಯಲ್ಲಿ ಆಗಾಗ ಕನ್ನಡಿ ನೋಡುವ ಅಭ್ಯಾಸವಾಗಿದೆ.

ಹೋದ ತಿಂಗಳು ಹೊಸ ಅಂಗನವಾಡಿಗೆ ಪಾಯ ತೆಗೆಯಲು ಶುರು ಮಾಡಿದರು. ಕೆಲಸದ ಬೋರ್ಡು ನೆಟ್ಟ ದಿನ ಮಂಜುಳಮ್ಮ ಹೋಗಿ ಓದಿದರು. ಗುತ್ತಿಗೆದಾರರು: ಭಾನುಪ್ರಕಾಶ್.

ಅವನು ಅಲ್ಲೇ ಕಾರಿನ ಹತ್ತಿರ ನಿಂತಿದ್ದ. ನಗುತ್ತ ಕೈ ಮುಗಿದ. “ಚೆನ್ನಾಗೇ ಕಟ್ತೀವಿ ಬುಡಿ ಟೀಚರಮ್ಮ. ಒಳ್ಗೆ ಕೂರೋದು ನೀವೇ ತಾನೆ?”

ಮಂಜುಳಮ್ಮ ಈಗ ದಿನಾ ಮಧ್ಯಾಹ್ನ, ಜಗುಲಿಯಲ್ಲಿ ಮಕ್ಕಳು ಮಲಗಿದ ಹೊತ್ತಿನಲ್ಲಿ, ಸಹಾಯಕಿಯನ್ನು ಅವರ ಬಳಿ ಕೂರಿಸಿ ಪಾಯದ ಅಂಚಿಗೆ ಹೋಗಿ ನಿಲ್ಲುತ್ತಾರೆ. ಸಿಮೆಂಟಿಗೆ ಎಷ್ಟು ಮರಳು ಬೆರೆಸುತ್ತಾರೆ, ಕಂಬಕ್ಕೆ ಎಷ್ಟು ಸರಳು ಹಾಕುತ್ತಾರೆ ಎಂದು ನೋಡುತ್ತಾರೆ. ಗಾರೆಯವರು ತಲೆಯೆತ್ತುವುದಿಲ್ಲ. ಮಂಜುಳಮ್ಮನೂ ಅಲ್ಲಿಂದ ಕದಲುವುದಿಲ್ಲ.