ತಮ್ಮನ ಹೆಸರಿನ ಡಬ್ಬಿ

ಹೊಲಿಗೆ ಯಂತ್ರದ ಗದ್ದಲದ ನಡುವೆಯೂ ಒಳಕೋಣೆಯ ಕೆಮ್ಮು ಅಕ್ಕನ ಕಿವಿಗೆ ಬಿತ್ತು. ಅವಳು ಪೆಡಲನ್ನು ಇನ್ನಷ್ಟು ಜೋರಾಗಿ ತುಳಿದಳು. ತಮ್ಮನದು ಮಾಮೂಲಿ ಔಷಧಿಗೆ ಬಗ್ಗದ ಕ್ಷಯ. ಹದಿನೇಳು ತಿಂಗಳು ಮಾತ್ರೆ ನುಂಗಿ ನುಂಗಿ ಅವನು ಹೈರಾಣಾಗಿದ್ದ. ಕೊನೆಯ ಕಫ ಪರೀಕ್ಷೆಯ ದಿನ ಬೆಳಿಗ್ಗೆ, "ಇನ್ನೂ ಇದೆ ಅಂದ್ರೆ ನನ್ ಕೈಲಿ ಆಗಲ್ಲ ಅಕ್ಕಾ" ಎಂದು ಅತ್ತಿದ್ದ. ಅದನ್ನು ನೋಡಲಾರದೆ ಅವಳು, ಅವನ ಹೆಸರು ಬರೆದಿದ್ದ ಡಬ್ಬಿಗೆ ತಾನೇ ಕೆಮ್ಮಿ ಉಗಿದು, ಆಸ್ಪತ್ರೆಗೆ ಕೊಟ್ಟು ಬಂದಿದ್ದಳು.

ಈಗ ಅಲ್ಲಿನ ನರ್ಸ್ ಬಾಗಿಲಲ್ಲಿ ಬಂದು ನಿಂತಿದ್ದಳು, ಮುಖದ ತುಂಬ ನಗು.

"ರೋಗ ಇಲ್ಲ ಅಂತ ರಿಪೋರ್ಟ್ ಬಂತು ಕಣಮ್ಮಾ. ನಾಳೆಯಿಂದ ಮಾತ್ರೆ ಬಂದ್. ಈ ವರ್ಷ ಹನ್ನೊಂದು ಜನರಲ್ಲಿ ಪೂರ್ತಿ ಗುಣ ಅಂತ ಇಲ್ಲಿವರೆಗೆ ಬರೆದಿದ್ದು ಐದೇ ಹೆಸರು. ನಿನ್ ತಮ್ಮಂದು ಆರನೇದು."

"ಅವನು ಇನ್ನೂ ಕೆಮ್ತಾನೆ."

"ಅಭ್ಯಾಸ, ಬಿಡು. ನಮ್ಮನೆಯವರೂ ಕೆಮ್ತಾರೆ, ಕೆಲಸ ಹೇಳಿದಾಗೆಲ್ಲ."

ಅಕ್ಕನಿಗೆ ನಗು ಬರಲಿಲ್ಲ. ಕನಿಕರ ಪಡಲು ಹೋಗಿ, ಕೈಯಾರೆ ತಮ್ಮನ ತಲೆಯ ಮೇಲೆ ಚಪ್ಪಡಿ ಎಳೆದೆನಲ್ಲ ಎಂದುಕೊಳ್ಳುತ್ತ ಯಂತ್ರ ಬಿಟ್ಟು ಎದ್ದಳು.

"ಡಾಕ್ಟರು ಈಗ ಇದ್ದಾರಾ?"

"ಇದ್ದಾರೆ. ಥ್ಯಾಂಕ್ಸ್ ಹೇಳೋಕೆ ಏನವಸರ? ನಾಳೆ ನಿನ್ ತಮ್ಮನನ್ನೂ ಕರ್ಕೊಂಡು ಬಾ. ಬೇರೆ ಮನೆಯವರಿಗೂ ನೀನು ನಾಲ್ಕು ಮಾತು ಹೇಳ್ಬೇಕು, ನಿನ್ನಂಥ ಅಕ್ಕ ಇದ್ದಿದ್ರೆ..."

ನರ್ಸ್ ಇನ್ನೂ ಮಾತಾಡುತ್ತಿದ್ದಳು. ಅಕ್ಕ ಚಪ್ಪಲಿ ಮೆಟ್ಟಿ ಬೀದಿಗಿಳಿದು, ಹಿಂದಿರುಗಿ ನೋಡದೆ ಆಸ್ಪತ್ರೆಯ ಕಡೆ ನಡೆದಳು.