ಮುಕ್ಕಾದ ವಿಗ್ರಹಗಳ ದೇಶ

ಯುರೋಪು ನನಗೆ ಇಷ್ಟವಾಗಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಅಲ್ಲಿಗೆ ಓದಲು ಹೋಗಿಬಂದವರು ಬರೆದದ್ದನ್ನು ಓದಿ ಓದಿ ನನಗೆ ಸಾಕಾಗಿದೆ. ಎಲ್ಲರಿಗೂ ಅಲ್ಲಿನ ಬೆಳಕು ಚೆಂದ, ಕಲ್ಲು ಹಾಸಿದ ಬೀದಿ ಚೆಂದ, ಕಾಫಿ ಚೆಂದ. ನಾನು ಕಾಫಿಯನ್ನೂ ಒಪ್ಪಲಿಲ್ಲ. ಒಂದು ಗುಟುಕು ಕಷಾಯವನ್ನು ಗೊಂಬೆಯಾಟದ ಬಟ್ಟಲಲ್ಲಿ ಕೊಟ್ಟು, ನಿಂತುಕೊಂಡೇ ಕುಡಿದು ಹೋಗು ಎನ್ನುತ್ತಾರೆ.

ನಾನು ಮಾಲೂರು ತಾಲ್ಲೂಕಿನ ಶಿವಾರಪಟ್ಟಣದವಳು. ಅಪ್ಪ ದೇವರ ವಿಗ್ರಹ ಕೆತ್ತುತ್ತಿದ್ದರು. ಅವರು ಕೆತ್ತಿದ್ದನ್ನು ನೀರು ಹಾಕಿ ಉಜ್ಜಿ ನುಣುಪು ಮಾಡುವುದು ಮನೆಯ ಹೆಂಗಸರ ಪಾಲು. ಲಂಗ ಹಾಕುವ ವಯಸ್ಸಿನಿಂದ ನಾನು ಉಜ್ಜಿದ್ದೇನೆ. ಮುಳಬಾಗಿಲಿನ ಕಡೆಗೆ ಹೋದ ಗಣಪತಿಗಳ ಹೊಟ್ಟೆ, ಕೋಲಾರಕ್ಕೆ ಹೋದ ಅಮ್ಮನವರ ಮೊಣಕಾಲು, ಎಲ್ಲವೂ ನನ್ನ ಅಂಗೈ ಸವೆಸಿಕೊಂಡು ಹೋದವೇ. ಉಳಿ ಮಾತ್ರ ಮುಟ್ಟುವ ಹಾಗಿರಲಿಲ್ಲ. ಕೇಳಿದಾಗಲೆಲ್ಲ ಅಪ್ಪನದು ಒಂದೇ ಉತ್ತರ: "ಉಳಿ ಹೆಣ್ಮಕ್ಳ ಕೈಗಲ್ಲ ಕಣಮ್ಮ. ಕಲ್ಲು ಮುಕ್ಕಾಗುತ್ತೆ."

ಮುಕ್ಕು ಎನ್ನುವ ಮಾತನ್ನು ನಮ್ಮ ಬೀದಿಯಲ್ಲಿ ದನಿ ತಗ್ಗಿಸಿ ಹೇಳುತ್ತಾರೆ. ಮೂಗಿನ ತುದಿಯಿಂದ ಅಕ್ಕಿಕಾಳಿನಷ್ಟು ಚೂರು ಹಾರಿದರೂ ವಿಗ್ರಹ ಮುಕ್ಕಾಯಿತು. ಆಮೇಲೆ ಅದು ಪೂಜೆಗಿಲ್ಲ, ಮನೆಯಲ್ಲಿ ಇಟ್ಟುಕೊಳ್ಳುವುದಕ್ಕೂ ಇಲ್ಲ. ಬಟ್ಟೆ ಮುಚ್ಚಿ ಹೊತ್ತುಕೊಂಡು ಹೋಗಿ ಕೆರೆಗೆ ಬಿಡುತ್ತಾರೆ. ಕೆತ್ತಿದವನನ್ನು ಯಾರೂ ಬೈಯುವುದಿಲ್ಲ. ನಮ್ಮ ಮನೆಯಲ್ಲಂತೂ ಅವತ್ತು ಅವನಿಗೇ ಮೊದಲು ಎಲೆ ಹಾಕಿ ಬಡಿಸುತ್ತಿದ್ದರು, ಮನಸ್ಸು ಮುರಿಯಬಾರದು ಅಂತ.

ಅಪ್ಪ ಕೊಡದ ಉಳಿಯನ್ನು ನಾನು ಬೆಂಗಳೂರಿನಲ್ಲಿ ಹಿಡಿದೆ. ಮಾಲೂರಿನಿಂದ ದಿನಾ ರೈಲಿನಲ್ಲಿ ನೇತಾಡಿಕೊಂಡು ಹೋಗಿ ಚಿತ್ರಕಲೆಯ ಶಾಲೆಯಲ್ಲಿ ಓದಿದೆ. ಅಲ್ಲಿಂದ, ಎಂಬತ್ತರ ದಶಕದ ಮೊದಲ ಭಾಗದಲ್ಲಿ, ಫ್ಲಾರೆನ್ಸಿನಲ್ಲಿ ಒಂದು ವರ್ಷ ಶಿಲ್ಪ ಕಲಿಯಲು ವಿದ್ಯಾರ್ಥಿವೇತನ ಸಿಕ್ಕಿತು. ಶ್ರೀನಿವಾಸಪುರದಿಂದ ಮಾವಿನಹಣ್ಣಿನ ಬುಟ್ಟಿ ಹೊತ್ತುಕೊಂಡು ಬಂದ ಸೋದರತ್ತೆ ನಡುಮನೆಯಲ್ಲಿ ಕಾಲು ಚಾಚಿ ಕೂತು ತೀರ್ಪು ಕೊಟ್ಟರು: "ಕೈಯಾಗೆ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ್ರಂತೆ. ಶಿವಾರಪಟ್ಣದಾಗೆ ಹುಟ್ಟಿ ಕಲ್ಲು ಕೆತ್ತಾದು ಕಲಿಯಾಕೆ ಇಮಾನ ಹತ್ತಬೇಕೇನೇ?"

"ಬೆಣ್ಣೆ ಮುಟ್ಟಕ್ಕೆ ಬಿಟ್ಟಿದ್ರೆ ನಾನ್ಯಾಕೆ ಹೋಗ್ತಿದ್ದೆ ಅತ್ತೆ?" ಎಂದೆ. ಅಪ್ಪ ಎದ್ದು ಕೆಲಸಕ್ಕೆ ಹೋದರು. ಅವರ ಮೇಲಿನ ಸಿಟ್ಟಿಗೇ ನಾನು ಹೋದದ್ದು. ಅಲ್ಲಿ ಕಲಿತು ಬಂದು, ಮಾಡಿದ್ದನ್ನು ಅವರ ಮುಂದೆ ಇಟ್ಟು, ಈಗ ಕಲ್ಲು ಕೊಡಿ ಎಂದು ಕೇಳಬೇಕು. ವಿಮಾನದಲ್ಲಿ ಕೂತಾಗ ನನ್ನ ತಲೆಯಲ್ಲಿ ಇದ್ದದ್ದು ಇದೊಂದೇ.

ಫ್ಲಾರೆನ್ಸಿನಲ್ಲಿ ಮೊದಲ ವಾರವೇ ಶಿಲ್ಪದ ಮೇಷ್ಟ್ರು ನಮ್ಮನ್ನು ಒಂದು ಮ್ಯೂಸಿಯಂಗೆ ಕರೆದುಕೊಂಡು ಹೋದರು. ಬಾಗಿಲಲ್ಲೇ ನನ್ನ ಕಾಲು ನಿಂತುಹೋಯಿತು. ಗೋಡೆಯುದ್ದಕ್ಕೂ ಮುಕ್ಕಾದ ವಿಗ್ರಹಗಳು. ಕೈಯಿಲ್ಲದವಳು, ತಲೆಯಿಲ್ಲದವನು, ಮೂಗು ಹಾರಿದ ರಾಜ. ಒಂದಕ್ಕೂ ಬಟ್ಟೆ ಮುಚ್ಚಿರಲಿಲ್ಲ, ಬದಲಿಗೆ ಮೇಲಿಂದ ದೀಪ ಬಿಟ್ಟಿದ್ದರು. ಜನ ಟಿಕೆಟ್ ತೆಗೆದುಕೊಂಡು ಬಂದು ಬಾಯಿ ಬಿಟ್ಟುಕೊಂಡು ನಿಲ್ಲುತ್ತಿದ್ದರು. ಆಮೇಲೆ ರೋಮಿಗೆ ಹೋದೆವು, ಪ್ಯಾರಿಸ್ಸಿಗೆ ಹೋದೆವು, ಎಲ್ಲ ಕಡೆ ಇದೇ ಸಂತೆ. ನಮ್ಮೂರ ಕೆರೆ ಒಂದು ಸಲ ಪೂರ್ತಿ ಬತ್ತಿದರೆ ನಮ್ಮಲ್ಲೂ ಇಂಥದೊಂದು ಮ್ಯೂಸಿಯಂ ಆಗುತ್ತದೆ ಅಂದುಕೊಂಡೆ.

ಫ್ಲಾರೆನ್ಸಿಗೆ ಮರಳಿದ ಮೇಲೆ ಮೇಷ್ಟ್ರು ಅಂಥದೇ ಕೈಯಿಲ್ಲದ ಒಂದು ಹೆಣ್ಣಿನ ಪ್ಲಾಸ್ಟರಿನ ಅಚ್ಚನ್ನು ತಂದು ನಡುವೆ ಇಟ್ಟು, ನೋಡಿ ಚಿತ್ರ ಬರೆಯಿರಿ ಎಂದರು. ಎಲ್ಲರೂ ಬರೆದರು, ನಾನೂ ಬರೆದೆ. ಮುಗಿದ ಮೇಲೆ ನೋಡಿದರೆ ನನ್ನ ಹಾಳೆಯ ಮೇಲಿನ ಹೆಣ್ಣಿಗೆ ಎರಡು ಕೈಗಳಿದ್ದವು. ಒಂದರಲ್ಲಿ ತಾವರೆಯ ಮೊಗ್ಗು, ಇನ್ನೊಂದು ತೊಡೆಯ ಪಕ್ಕಕ್ಕೆ ಇಳಿಬಿಟ್ಟದ್ದು. ಮೂಗಿನ ತುದಿಯನ್ನೂ ಸರಿಮಾಡಿದ್ದೆ. ಯೋಚಿಸಿ ಮಾಡಿದ್ದಲ್ಲ. ಭುಜ ಬಂದ ಮೇಲೆ ತೋಳು ಬರಬೇಕು, ತೋಳು ಬಂದ ಮೇಲೆ ಬೆರಳು. ಕೈ ತನ್ನಷ್ಟಕ್ಕೆ ಇಳಿದುಕೊಂಡು ಹೋಗಿತ್ತು. ಮೇಷ್ಟ್ರು ನನ್ನ ಹಾಳೆಯನ್ನು ಎತ್ತಿ ಎಲ್ಲರಿಗೂ ತೋರಿಸಿ, ಇದು ನೋಡುವ ತರಗತಿ, ರಿಪೇರಿ ಅಂಗಡಿಯಲ್ಲ ಎಂದರು. ಎಲ್ಲರೂ ನಕ್ಕರು. ಅವರಲ್ಲಿ ಒಬ್ಬೊಬ್ಬರ ಮುಖವೂ ನನಗೆ ಇವತ್ತಿಗೂ ನೆನಪಿದೆ, ಒಬ್ಬರನ್ನೂ ನಾನು ಕ್ಷಮಿಸಿಲ್ಲ.

ಮೇಷ್ಟ್ರಿಗೆ ನನ್ನ ಮೇಲೆ ಕರುಣೆಯೂ ಇತ್ತು, ಅದು ನಗುವಿಗಿಂತ ಕೆಟ್ಟದ್ದು. ನೀನು ಕಲ್ಲು ಬಿಟ್ಟು ಫ್ಯಾಷನ್ ವಿಭಾಗಕ್ಕೆ ಸೇರು, ಬಟ್ಟೆ, ಬಣ್ಣ, ನೆರಿಗೆ ಎಲ್ಲ ನಿಮ್ಮ ದೇಶದ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಬರುತ್ತದೆ ಎಂದು ಬುದ್ಧಿ ಹೇಳಿದರು. ನನಗೆ ಹುಟ್ಟಿನಿಂದ ಬಂದದ್ದು ಮೂಗಿನ ತುಂಬ ಕಲ್ಲಿನ ಧೂಳು. ಅದನ್ನು ಹೇಳುವಷ್ಟು ಅವರ ಭಾಷೆ ನನಗೆ ಬರುತ್ತಿರಲಿಲ್ಲ. ಸುಮ್ಮನೆ ತಲೆ ಆಡಿಸಿದ್ದನ್ನೇ ಅವರು ಒಪ್ಪಿಗೆ ಅಂದುಕೊಂಡು, ಫ್ಯಾಷನ್ ಓದುವವರ ಜೊತೆ ನನ್ನನ್ನು ಮಿಲಾನಿಗೆ ಕಳಿಸಿಕೊಟ್ಟರು.

ಮಿಲಾನಿನ ಅಂಗಡಿ ಬೀದಿಗಳನ್ನು ನೋಡಿ ನನ್ನ ಜೊತೆಯವರಿಗೆ ಮೈಮೇಲೆ ಬಂದಿತ್ತು. ನನಗೆ ಕಂಡದ್ದು ಗಾಜಿನ ಹಿಂದೆ ಸಾಲಾಗಿ ನಿಂತ ಗೊಂಬೆಗಳು, ಒಂದಕ್ಕೂ ತಲೆಯಿಲ್ಲ. ಕುತ್ತಿಗೆಯವರೆಗೆ ಬೆಲೆಬಾಳುವ ಕೋಟು, ಅದರ ಮೇಲೆ ಬರಿ ಗಾಳಿ. ಈ ಜನ ದೇವರನ್ನೇ ಸುಮ್ಮನೆ ಬಿಡದವರು, ಗೊಂಬೆಗೆ ತಲೆ ಇಡುತ್ತಾರೆಯೇ? ವಾಪಸು ಬಂದ ಮೇಲೆ ಆ ಫ್ಯಾಷನ್ ಓದುವವರು ನನಗೆ ಸೀರೆ ಉಟ್ಟುಬರಲು ಹೇಳಿ ಒಂದು ಎತ್ತರದ ಹಲಗೆಯ ಮೇಲೆ ನಿಲ್ಲಿಸಿದರು. ಬೆಳಗಿನಿಂದ ಮಧ್ಯಾಹ್ನದವರೆಗೆ ನಿಂತೆ. ಇಳಿದು ಬಂದು ಅವರ ಹಾಳೆಗಳನ್ನು ನೋಡಿದರೆ ಸೆರಗಿತ್ತು, ನೆರಿಗೆಯಿತ್ತು, ಅಂಚಿನ ಬುಟ್ಟಾ ಕೂಡ ಇತ್ತು. ಕುತ್ತಿಗೆಯ ಮೇಲೆ ಯಾರೂ ಏನೂ ಬರೆದಿರಲಿಲ್ಲ. ಅವತ್ತು ಕೋಣೆಗೆ ಹೋಗಿ ಆ ಸೀರೆಯನ್ನು ಉಂಡೆ ಮಾಡಿ ಪೆಟ್ಟಿಗೆಗೆ ತುರುಕಿದೆ. ಅಲ್ಲಿ ಇರುವವರೆಗೆ ಮತ್ತೆ ಉಡಲಿಲ್ಲ.

ಆಮೇಲೆ ಹಟಕ್ಕೆ ಬಿದ್ದು ಕಲ್ಲಿನ ತರಗತಿಗೇ ಮರಳಿದೆ. ನಿಮಗೆ ಮುಕ್ಕೇ ಬೇಕಾದರೆ ಮುಕ್ಕನ್ನೇ ಕೊಡುತ್ತೇನೆ ಎಂದು ಒಂದು ಬಿಳಿಯ ಕಲ್ಲು ಹಿಡಿದು ಕೂತೆ. ಚಳಿಗಾಲವೆಲ್ಲ ಬೆರಳು ಮರಗಟ್ಟುವವರೆಗೆ ಕೆತ್ತಿದೆ. ತೋಳಿನ ಹತ್ತಿರ ಬಂದಾಗಲೆಲ್ಲ ಉಳಿ ಕೆಳಕ್ಕೆ ಎಳೆಯುತ್ತಿತ್ತು, ನಾನು ತಡೆಯುತ್ತಿದ್ದೆ. ಇದು ಎಷ್ಟು ಕಷ್ಟವೆಂದು ಅವತ್ತು ನಕ್ಕವರಿಗೆ ಗೊತ್ತಿರಲಿಲ್ಲ. ವಸಂತದ ಹೊತ್ತಿಗೆ ಒಂದು ಹೆಣ್ಣು ನಿಂತಿತು, ಭುಜದಲ್ಲೇ ಮುಗಿದವಳು. ಹೊಗಳಿಕೊಳ್ಳುತ್ತೇನೆ: ಅದು ಚೆನ್ನಾಗಿತ್ತು. ಬೆನ್ನಿನ ತಿರುವು ಅಪ್ಪನ ಕೈಯಲ್ಲೂ ಹಾಗೆ ಬಂದದ್ದನ್ನು ನಾನು ನೋಡಿರಲಿಲ್ಲ. ಮೇಷ್ಟ್ರು ಅದರ ಸುತ್ತ ತಿರುಗಿ ನೋಡಿ, ಈಗ ನೀನು ಶಿಲ್ಪಿ ಎಂದರು. ಆ ಮಾತು ಬೇಕಾಗಿದ್ದದ್ದು ಅವರ ಬಾಯಿಂದಲ್ಲ.

ಕಲ್ಲನ್ನು ತರುವ ಹಾಗಿರಲಿಲ್ಲ. ದೊಡ್ಡದೊಂದು ಫೋಟೋ ತೆಗೆಸಿ, ಸೀರೆಗಳ ನಡುವೆ ಮಡಚದಂತೆ ಇಟ್ಟುಕೊಂಡು ಊರಿಗೆ ಬಂದೆ. ಅಪ್ಪ ಚಪ್ಪರದ ಕೆಳಗೆ ಕೆಲಸದಲ್ಲಿದ್ದರು. ಕೈಯನ್ನು ಟವಲಿಗೆ ಒರೆಸಿ, ಅಂಚು ಹಿಡಿದು ಫೋಟೋ ನೋಡಿದರು. ಬಹಳ ಹೊತ್ತು ನೋಡಿದರು. ಬೆನ್ನಿನ ತಿರುವಿನ ಮೇಲೆ ಅವರ ಹೆಬ್ಬೆರಳು ಓಡಾಡಿತು.

"ನೀನೇ ಕೆತ್ತಿದ್ದಾ?"

"ನಾನೇ."

"ಪಾಪ, ಎಲ್ಲಿ ಬಿದ್ದೋಯ್ತಮ್ಮ ಇದು?" ಎಂದರು ಅಪ್ಪ. ದನಿ ತಗ್ಗಿತ್ತು. "ಹೋಗ್ಲಿ ಬಿಡು, ಅಳ್ಬೇಡ. ನನ್ ಕೈಲೂ ಒಡೆದದೆ, ನಮ್ಮಪ್ಪನ ಕೈಲೂ ಒಡೆದದೆ. ಒಡೀದೆ ಯಾವನೂ ಕಲ್ತಿಲ್ಲ."

ನಾನು ಅಳುತ್ತಿರಲಿಲ್ಲ. ಅವರು ಒಳಕ್ಕೆ ತಿರುಗಿ ಅಮ್ಮನಿಗೆ, "ಲೇ, ಮೊದ್ಲು ಮಗೀಗೆ ಎಲೆ ಹಾಕು" ಎಂದರು. ಆಮೇಲೆ ಗೋಡೆಯ ಗೂಡಿನಿಂದ ತಮ್ಮ ಸಣ್ಣ ಉಳಿಯನ್ನು ತೆಗೆದು ತಂದು ನನ್ನ ಎಲೆಯ ಪಕ್ಕದಲ್ಲಿ ಇಟ್ಟರು. "ಉಂಡು ಬಾ. ಒಂದು ಕಲ್ಲು ತೆಗೆದಿಟ್ಟಿರ್ತೀನಿ. ತೋಳಿನ ಹತ್ರ ಉಳಿ ಹೆಂಗ್ ಹಿಡೀಬೇಕು ಅಂತ ತೋರಿಸ್ತೀನಿ. ನನ್ದೇ ತಪ್ಪು, ಮೊದ್ಲೇ ಕಲಿಸಿದ್ರೆ ಹಿಂಗಾಗ್ತಿರ್ಲಿಲ್ಲ."

ಹುಟ್ಟಿದಾಗಿನಿಂದ ಬೇಡಿಕೊಂಡಿದ್ದ ಉಳಿ ಎಲೆಯ ಪಕ್ಕದಲ್ಲಿ ಬಿದ್ದಿತ್ತು. ಬಾಯಿ ಮುಚ್ಚಿಕೊಂಡು ಅನ್ನ ಸಾರು ಉಂಡಿದ್ದರೆ ಮುಗಿಯುತ್ತಿತ್ತು. ಆದರೆ ನನಗೆ ಉರಿದುಹೋಯಿತು. ಬೆನ್ನಿನ ಆ ತಿರುವನ್ನು ಬೆರಳಿನಿಂದ ಸವರಿ ನೋಡಿದ ಮನುಷ್ಯ, ನನ್ನನ್ನು ಕೈ ಜಾರಿ ಕಲ್ಲು ಬೀಳಿಸಿಕೊಂಡವಳು ಎನ್ನುತ್ತಿದ್ದಾನೆ. ಒಂದು ಚಳಿಗಾಲ ನಾನು ಮಾಡಿದ್ದು ತಪ್ಪಾಗಿಹೋಗಿತ್ತು, ಅದಕ್ಕೆ ಸಮಾಧಾನದ ಊಟ ಬೇರೆ.

"ಒಡೆದಿಲ್ಲಪ್ಪ. ನಾನು ಮಾಡಿದ್ದೇ ಹಂಗೆ."

"ಹಂಗೆ ಅಂದ್ರೆ?"

"ಕೈಯಿಲ್ದೆ. ಬೇಕಂತ."

ಅಪ್ಪ ಫೋಟೋವನ್ನು ಇನ್ನೊಂದು ಸಲ ನೋಡಿದರು. "ಬೇಕಂತ ಮುಕ್ಕು ಮಾಡಿದ್ಯಾ?" ಎಂದರು. ಗಟ್ಟಿಯಾಗಿ ಹೇಳಲಿಲ್ಲ. ನಾನು ಅಲ್ಲಿನ ಮ್ಯೂಸಿಯಂಗಳ ಬಗ್ಗೆ, ಮೇಷ್ಟ್ರ ಮಾತಿನ ಬಗ್ಗೆ, ಬಟ್ಟೆ ನೆರಿಗೆ ಕಲಿ ಅಂದರೂ ಕಲ್ಲನ್ನೇ ಹಿಡಿದದ್ದರ ಬಗ್ಗೆ, ನಾನೇ ಉಗಿದುಬಂದ ಆ ಊರುಗಳ ಪರವಾಗಿ, ಏರಿದ ದನಿಯಲ್ಲಿ ವಾದ ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಬಗ್ಗಿ ಉಳಿಯನ್ನು ತೆಗೆದುಕೊಂಡು ಚಪ್ಪರಕ್ಕೆ ಹೋದರು. ಫೋಟೋದ ಮೇಲೆ ಟವಲು ಮುಚ್ಚಿದ್ದರು.

ಮತ್ತೆ ಆ ಮನೆಯಲ್ಲಿ ನಾನು ಕಲ್ಲು ಕೇಳಲಿಲ್ಲ, ಅವರು ಕೊಡಲಿಲ್ಲ. ನಾನು ಮತ್ತೆ ಬೆಂಗಳೂರಿಗೆ ಹೊರಡುವ ಮುಂಚೆ ಸೋದರತ್ತೆ ಬಂದಿದ್ದರು. ನಾನು ಎದುರಿಗೇ ಕೂತಿದ್ದರೂ ಅಪ್ಪನನ್ನು ಕೇಳಿದರು: "ಅಷ್ಟು ದೂರ ಹೋಗಿ ಏನು ಕಲ್ತು ಬಂದ್ಲಪ್ಪ ನಿನ್ ಮಗಳು?"

ಅಪ್ಪ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದರು. ನನ್ನ ಕಡೆ ಒಂದು ಸಲ ನೋಡಿ, ನನ್ನ ಮಾನ ಕಾಪಾಡುವವರಂತೆ ಮೆಲ್ಲಗೆ ಹೇಳಿದರು: "ಬಟ್ಟೆ ಕೆಲ್ಸ ಕಣಕ್ಕ. ಕಲ್ಲಲ್ಲ. ಸೀರೆ, ನೆರಿಗೆ, ಅಂಥದ್ದು."