ದಾರವಿಲ್ಲದ ಬೂಟು
ವೆಂಡೆಲ್‌ನನ್ನು ನಾನು ಮೊದಲು ಕಂಡದ್ದು ನೆಬ್ರಾಸ್ಕದ ನಮ್ಮ ಶಾಲೆಯ ಫುಟ್‌ಬಾಲ್ ಪಂದ್ಯದಲ್ಲಿ. ಆಟಕ್ಕೆ ಮುಂಚೆ, ಚಪ್ಪಾಳೆ ತಟ್ಟಿ ಗೌರವಿಸಲೆಂದು, "ಮಾಜಿ ಸೈನಿಕರು ಎದ್ದು ನಿಲ್ಲಿ" ಎಂದು ಮೈಕಿನಲ್ಲಿ ಕರೆದೊಡನೆ ಆತ ಬಗ್ಗಿ ಬೂಟಿನ ದಾರ ಕಟ್ಟತೊಡಗಿದ. ಚರ್ಚಿನಲ್ಲೂ ಮೆರವಣಿಗೆಯಲ್ಲೂ ಆ ಕರೆ ಬಂದಾಗಲೆಲ್ಲ ಅದೇ ಕೆಲಸ. "ಏನ್ ಕಟ್ತೀಯೋ ಮಾರಾಯ, ನಿನ್ನ ಬೂಟಿಗೆ ದಾರವೇ ಇಲ್ಲ" ಎಂದು ಹೆಂಡತಿ ಲೊರೀನ್ ಕೆಣಕುವಳು. "ಅದಕ್ಕೇ ಕಣೇ ಇಷ್ಟು ಹೊತ್ತು ಹಿಡಿಯೋದು" ಎನ್ನುವನು. ಯುದ್ಧದಲ್ಲಿ ಮನಸ್ಸು ಕದಡಿ ನಿದ್ದೆಗೆಟ್ಟಿದ್ದವನನ್ನು ಸೇನೆಯು ದುರ್ನಡತೆಯವನೆಂದು ಬರೆದು ಮನೆಗೆ ಕಳಿಸಿತ್ತು. ಅದನ್ನು ತಿದ್ದಿರೆಂದು ಆತ ವರ್ಷಗಟ್ಟಲೆ ಮೇಲ್ಮನವಿ ಬರೆದ. ಹೋದ ಚಳಿಗಾಲದಲ್ಲಿ ಆ ದಾಖಲೆ, ಸೇನೆಯಿಂದ ಗೌರವದ ಬಿಡುಗಡೆಯೆಂದು ತಿದ್ದಿ ಬಂತು. ಈಗ ಕರೆಯುವ ಮೊದಲೇ ವೆಂಡೆಲ್ ಎದ್ದು ನಿಲ್ಲುತ್ತಾನೆ, ಆಟ ಶುರುವಾದರೂ ಕೂರುವುದಿಲ್ಲ. ಹಿಂದೆ ಕುಳಿತ ನಮಗೆ ಚೆಂಡು ಕಾಣಿಸುವುದಿಲ್ಲ. ಆದರೂ ಕೂತ್ಕೋ ಎಂದು ಯಾರೂ ಹೇಳುವುದಿಲ್ಲ.